ಬೆಂಡ್ ಆದ ಅಲಾಯ್ ವೀಲ್ ರಿಪೇರಿ ಆಗುತ್ತದಾ?
ಗುಂಡಿಗೆ ಬಿದ್ದು ವೀಲ್‌ನ ಒಳ ಅಂಚು ಬೆಂಡ್ ಆಗಿದೆ, ಗಾಳಿ ಇಳಿಯುತ್ತಿದೆ, ಮೆಕ್ಯಾನಿಕ್ ಬಿಸಿ ಮಾಡಿ ಬಡಿದು ಕೊಡುತ್ತಾರಂತೆ ಅಂದಿರಲ್ಲ, ಅದಕ್ಕೆ ಮಾತ್ರ ಒಪ್ಪಬೇಡಿ. ಎಷ್ಟೋ ಅಲಾಯ್ ವೀಲ್‌ಗಳಿಗೆ ಕಾರ್ಖಾನೆಯಲ್ಲೇ ಹದವಾಗಿ ಶಾಖ ಕೊಟ್ಟು ಗಟ್ಟಿ ಮಾಡಿರುತ್ತಾರೆ. ಗ್ಯಾಸ್ ಟಾರ್ಚ್ ಹಿಡಿದರೆ ಆ ಗಟ್ಟಿತನ ಹೋಗುತ್ತದೆ. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗುವುದಿಲ್ಲ, ಹಾಗಾಗಿ ಎಷ್ಟು ಕಾದಿದೆ ಅಂತ ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಮೊದಲು ಟೈರ್ ಬಿಚ್ಚಿಸಿ, ಡೈ ಟೆಸ್ಟ್ (ಬಣ್ಣದ ದ್ರವ ಹಚ್ಚಿ ಕಣ್ಣಿಗೆ ಕಾಣದ ಬಿರುಕು ಹುಡುಕುವುದು) ಮಾಡಿಸಿ ಬಿರುಕು ಇದೆಯಾ ನೋಡಿ. ಬಿರುಕಿಲ್ಲ, ಬೆಂಡ್ ಸಣ್ಣದು ಅಂದರೆ ಹೈಡ್ರಾಲಿಕ್ ಯಂತ್ರದಲ್ಲಿ ನಿಧಾನವಾಗಿ ನೇರ ಮಾಡುವವರಿಗೆ ಕೊಡಿ. ಸ್ಪೋಕ್‌ನಲ್ಲಿ ಬಿರುಕಿದ್ದರೆ ವೆಲ್ಡಿಂಗ್ ಸಹವಾಸವೇ ಬೇಡ, ಹೊಸದು ಹಾಕಿಸಿ. ನಾಲ್ಕೂ ಬದಲಿಸಬೇಕು ಅನ್ನುವುದು ಸುಮ್ನೆ ಖರ್ಚು. ಅದೇ ಸೈಜ್, ಅದೇ ಆಫ್‌ಸೆಟ್ (ವೀಲ್‌ನ ಅಗಲದ ಮಧ್ಯದಿಂದ ಅದು ಹಬ್‌ಗೆ ಕೂರುವ ಜಾಗಕ್ಕಿರುವ ದೂರ) ಇರುವ ಒಂದು ಸಾಕು. ಟೈರ್ ಪಕ್ಕದಲ್ಲಿ ಉಬ್ಬು ಕಂಡರೆ ಅದನ್ನೂ ಬದಲಿಸಿ.