ಆಪ್ತಸಲಹೆ ಪ್ರಕರಣ: ಒಂದೇ ಶನಿವಾರ ಎರಡು ಬಟವಾಡೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರು, ಎಪ್ಪತ್ತು ದಾಟಿದವರು. ಕೊಯ್ಲಿನ ಕಾಲದಲ್ಲಿ ಒಂದೇ ಶನಿವಾರ ಆಳುಗಳಿಗೆ ಎರಡು ಸಲ ಕೂಲಿ ಬಟವಾಡೆ ಮಾಡಿದ್ದರು. ಚಿಕ್ಕಮಗಳೂರಿನಲ್ಲಿ ಪರೀಕ್ಷೆಯಾಗಿ ‘ಅಲ್ಝೈಮರ್ (ಮರೆವಿನ ಕಾಯಿಲೆ) ಇರಬಹುದು’ ಅಂದಿದ್ದಾರೆ. ಮಿದುಳಿನ ಸಿ.ಟಿ. ಸ್ಕ್ಯಾನ್ ವರದಿಯಲ್ಲಿ ‘ವಯೋಸಹಜ ಕುಗ್ಗುವಿಕೆ’ ಅಂತಷ್ಟೇ ಇದ್ದುದರಿಂದ ಕಾಯಿಲೆಯೇ ಇಲ್ಲ ಅನ್ನುತ್ತಾಳೆ ಮಗಳು. ಅವರಿಗೆ ಕಾಯಿಲೆಯ ಹೆಸರನ್ನೇ ಹೇಳಬೇಡಿ ಅನ್ನುತ್ತಾರೆ ಹೆಂಡತಿ.

ಸಿ.ಟಿ. ಮಾಡಿಸುವುದು ಮುಖ್ಯವಾಗಿ ಗಡ್ಡೆ, ಪಾರ್ಶ್ವವಾಯುವಿನ ಗುರುತು, ಬಿದ್ದಾಗ ಹೆಪ್ಪುಗಟ್ಟಿದ ರಕ್ತ ಇವೆಯೇ ಎಂದು ನೋಡಲಿಕ್ಕೆ. ಆರಂಭದ ಅಲ್ಝೈಮರ್‌ನಲ್ಲಿ ಅದು ಸಹಜವಾಗಿಯೇ ಕಾಣಬಹುದು. ಮನೆಯವರ ವಿವರಣೆ, ನೆನಪಿನ ಪರೀಕ್ಷೆ, ರಕ್ತಪರೀಕ್ಷೆ ಎಲ್ಲ ಕೂಡಿದರೇನೇ ಚಿತ್ರ ಸಿಗುವುದು.

ಇಲ್ಲಿ ಮೂರು ಕೊರತೆ ಕಂಡವು. ರಕ್ತದಲ್ಲಿ ವಿಟಮಿನ್ ಬಿ12, ಥೈರಾಯ್ಡ್ ಪರೀಕ್ಷೆ ಆಗಿರಲಿಲ್ಲ. ಶ್ರವಣಯಂತ್ರ ಮನೆಯಲ್ಲೇ ಉಳಿದಿತ್ತು; ನೆನಪಿನ ಪರೀಕ್ಷೆಯಲ್ಲಿ ವೈದ್ಯರು ಹೇಳಿದ ಮೂರು ಪದ ಕಿವಿಗೇ ಬೀಳದಿದ್ದರೆ ಐದು ನಿಮಿಷದ ಮೇಲೆ ನೆನಪಿಸಿಕೊಳ್ಳುವುದು ಎಲ್ಲಿಂದ? ಮಾತ್ರೆಗಳ ಕವರ್ ಸುರಿದರೆ ನೆಗಡಿಗೆಂದು ಅಂಗಡಿಯಿಂದ ತಂದ ಕ್ಲೋರ್‌ಫೆನಿರಮೈನ್, ಕಾಲುನೋವಿಗೆ ಬರೆದುಕೊಟ್ಟ ಅಮಿಟ್ರಿಪ್ಟಿಲಿನ್. ವಯಸ್ಸಾದವರಲ್ಲಿ ಎರಡೂ ಮರೆವು, ಗೊಂದಲ ಹೆಚ್ಚಿಸುತ್ತವೆ. ಇವನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತೋರಿಸಲು ಹೇಳಿದೆವು.

ವೈದ್ಯರ ಹತ್ತು ನಿಮಿಷದಲ್ಲಿ ‘ಮರೆವು ಜಾಸ್ತಿ’ ಅಂದರೆ ಏನೂ ಹೇಳಿದಂತಾಗುವುದಿಲ್ಲ. ಒಂದು ಹಾಳೆ ಸಾಕು: ಯಾವಾಗ ಶುರುವಾಯಿತು, ವರ್ಷಗಳಲ್ಲಿ ನಿಧಾನವೋ, ದಿನಗಳಲ್ಲಿ ದಿಢೀರನೆಯೋ (ದಿಢೀರ್ ಆದರೆ ಮೂತ್ರದ ಸೋಂಕಿನಂಥ ಕಾರಣವೂ ಇರಬಹುದು), ಹಣ, ದಾರಿ, ಮಾತ್ರೆ ಇವುಗಳಲ್ಲಿ ಯಾವುದು ಕೈತಪ್ಪಿದೆ, ತಾರೀಖಿನ ಸಮೇತ ಮೂರು ಘಟನೆ. ಬಟವಾಡೆ ಪುಸ್ತಕವನ್ನೇ ಒಯ್ಯಿರಿ ಎಂದೆವು. ಕಳೆದ ವರ್ಷದ ಪುಟ, ಈ ವರ್ಷದ ಪುಟ ಅಕ್ಕಪಕ್ಕ ಇಟ್ಟರೆ ಕೂಡುವ ಲೆಕ್ಕ ಎಲ್ಲಿ ಹಳಿ ತಪ್ಪಿತೆಂದು ಕಾಣುತ್ತದೆ.

ವೈದ್ಯರನ್ನು ಕೇಳಬೇಕಾದ್ದು: ಯಾವ ಆಧಾರದ ಮೇಲೆ ಅಲ್ಝೈಮರ್ ಅನ್ನುತ್ತೀರಿ? ಮರುಪರೀಕ್ಷೆ ಯಾವಾಗ? ಅಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಮಾತ್ರೆ ಬರೆದರೆ ಸಾಮಾನ್ಯವಾಗಿ 5 ಮಿ.ಗ್ರಾಂ.ನಿಂದ ಶುರು, 4-6 ವಾರದ ಮೇಲೆ 10. ಅದು ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಕೆಲವರಿಗೆ ಲಕ್ಷಣ ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಭೇದಿ, ವಾಕರಿಕೆ ಬರಬಹುದು. ನಾಡಿ ನಿಧಾನವಾಗಿ ತಲೆಸುತ್ತಿದರೆ ತಡಮಾಡದೆ ತಿಳಿಸಬೇಕು.

ಕಾಯಿಲೆಯ ಹೆಸರು ಮುಚ್ಚಿಡುವ ವಿಷಯದಲ್ಲಿ ನಮ್ಮ ಅಭಿಪ್ರಾಯ ಹೆಂಡತಿಗೆ ಹಿಡಿಸಲಿಲ್ಲ. ಎಷ್ಟು ತಿಳಿಯಬೇಕು ಅಂತ ಬೆಳೆಗಾರರನ್ನೇ ಕೇಳಬೇಕು. ಖಾತೆ, ಉಯಿಲು ತೀರ್ಮಾನಿಸುವ ಶಕ್ತಿ ಈಗ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಚಿಕಿತ್ಸೆಗೆ ನಾಮನಿರ್ದೇಶಿತ ಪ್ರತಿನಿಧಿಯನ್ನು (ಚಿಕಿತ್ಸೆಯ ತೀರ್ಮಾನಗಳಲ್ಲಿ ನೆರವಾಗುವವರನ್ನು) ಬಿಳಿ ಹಾಳೆಯ ಮೇಲೆ ಸಹಿ ಹಾಕಿ ಅವರೇ ಗೊತ್ತುಮಾಡಬಹುದು. ‘ಮಗಳ ಹೆಸರೇ ಬರೀರಿ, ಲೆಕ್ಕ ಅವಳಿಗೆ ಬರುತ್ತೆ’ ಅಂದರು ಬೆಳೆಗಾರರು.