ಮಂಡಿ ಆಪರೇಷನ್ ಹತ್ತೇ ವರ್ಷಕ್ಕಾ?

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನಮ್ಮಮ್ಮಂಗೆ 66, ಎರಡೂ ಮಂಡಿ ಪೂರ್ತಿ ಸವೆದೋಗಿದೆ, ರಾತ್ರಿ ನೋವಿಗೆ ನಿದ್ದೇನೇ ಇಲ್ಲ. ಮೂಳೆ ಡಾಕ್ಟ್ರು ಚಿಪ್ಪು ಬದಲಾಯಿಸ್ಬೇಕು ಅಂದ್ರು. ಆದ್ರೆ ನಮ್ಮ ಸೋದರತ್ತೆ "ಹತ್ತು ವರ್ಷಕ್ಕೆ ಲೂಸಾಗತ್ತೆ, ಮತ್ತೆ ಕೊಯ್ಯಿಸ್ಕೋಬೇಕು, ನೆಲದ ಮೇಲೆ ಕೂರೋಕೂ ಆಗಲ್ಲ" ಅಂತ ಹೆದರಿಸಿಬಿಟ್ಟಿದಾರೆ. ನಿಜಾನಾ?
- ಓದುಗರು, ಹಾಸನ

ಉತ್ತರ: ನಿಮ್ಮತ್ತೆ ಮಾತು ಅರ್ಧ ನಿಜ ಕಣ್ರೀ. ಹತ್ತು ವರ್ಷ ಅನ್ನೋದು ಹಳೇ ಕಾಲದ ಲೆಕ್ಕ. ಆಸ್ಟ್ರೇಲಿಯಾ, ಫಿನ್ಲೆಂಡಲ್ಲಿ ಇಂಥ ಆಪರೇಷನ್‌ಗಳನ್ನ ರಿಜಿಸ್ಟರಲ್ಲಿ ಬರೆದಿಟ್ಕೋತಾರೆ, ಅದನ್ನೆಲ್ಲ ಸೇರ್ಸಿ 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಬಂದ ಲೆಕ್ಕದ ಪ್ರಕಾರ ಪೂರ್ತಿ ಬದಲಾಯಿಸಿದ ಮಂಡಿಗಳಲ್ಲಿ 100ಕ್ಕೆ ಸುಮಾರು 82, 25 ವರ್ಷ ಬಾಳಿಕೆ ಬಂದಿವೆ. ವಯಸ್ಸೂ ಮುಖ್ಯ: 70 ದಾಟಿದ ಮೇಲೆ ಮಾಡಿಸ್ಕೊಂಡೋರಿಗೆ ಮತ್ತೆ ಆಪರೇಷನ್ ಬೀಳೋದು 100ಕ್ಕೆ ಐದು ಜನಕ್ಕೆ ಅಷ್ಟೇ, 50ರ ಆಸುಪಾಸಲ್ಲಿ ಮಾಡಿಸ್ಕೊಂಡ ಗಂಡಸ್ರಿಗೆ ಅದು 35ರವರೆಗೂ ಹೋಗತ್ತೆ ಅಂತ ಇಂಗ್ಲೆಂಡಿನ ಲೆಕ್ಕ ಹೇಳತ್ತೆ. ಅಮ್ಮನ ವಯಸ್ಸಿಗೆ ಆ ಭಯ ಬೇಡ.

ಹೊಸ ಮಂಡಿಲಿ ಎರಡು ಲೋಹದ ತುಂಡಿನ ಮಧ್ಯೆ ಒಂದು ಪ್ಲಾಸ್ಟಿಕ್ ಇರತ್ತೆ, ಅದು ವರ್ಷಾನುಗಟ್ಲೆ ಸವೆದು ಉದುರೋ ಪುಡಿಗೆ ಸುತ್ತಲಿನ ಮೂಳೆ ಕರಗತ್ತೆ, ಆಗ ಲೂಸಾಗೋದು. ಶುರುವಲ್ಲಿ ನೋವೇ ಇರಲ್ಲ, ಅದಕ್ಕೇ ಚೆನ್ನಾಗಿದೀನಲ್ಲ ಅಂತ ಎಕ್ಸರೇ ತೆಗೆಸೋದು ಬಿಟ್ಬಿಡ್ತಾರೆ, ಬಿಡಬಾರ್ದು.

ನೆಲದ ಮಾತು ಮಾತ್ರ ಅತ್ತೆ ಸರಿಯಾಗೇ ಹೇಳಿದಾರೆ. ಹೊಸ ಮಂಡಿ ಸಾಮಾನ್ಯವಾಗಿ 110-120 ಡಿಗ್ರಿ ಮಡಚತ್ತೆ, ಕುಕ್ಕರಗಾಲಲ್ಲಿ ಕೂರೋಕೆ ಅದು ಸಾಲಲ್ಲ. "ಹೈ ಫ್ಲೆಕ್ಸ್ (ಜಾಸ್ತಿ ಮಡಚೋ ಥರದ ಮಂಡಿ) ಹಾಕಿಸಿ, ಚಕ್ಕಳಮಕ್ಕಳ ಹಾಕಿ ಪಂಕ್ತಿಲಿ ಕೂರಬಹುದು" ಅಂತ ಯಾರಾದ್ರೂ ಆಸೆ ತೋರಿಸಿದ್ರೆ ನಂಬಬೇಡಿ, ಹೋಲಿಸಿ ನೋಡಿದಾಗ ಅಂಥ ವ್ಯತ್ಯಾಸ ಏನೂ ಸಿಕ್ಕಿಲ್ಲ. ಮನೇಲಿ ಇಂಡಿಯನ್ ಟಾಯ್ಲೆಟ್ ಇದ್ರೆ ಆಪರೇಷನ್‌ಗೆ ಮುಂಚೇನೇ ಕಮೋಡ್ ಹಾಕಿಸ್ಬಿಡಿ.

ಇನ್ನೊಂದು, ಇದನ್ನ ಯಾರೂ ಬಾಯ್ಬಿಟ್ಟು ಹೇಳಲ್ಲ: ಐದು ಜನಕ್ಕೆ ಒಬ್ರಿಗೆ ಆಮೇಲೂ ಪೂರ್ತಿ ಸಮಾಧಾನ ಇರಲ್ಲ. ಎಕ್ಸರೇಲಿ ಸವೆತ ಕಮ್ಮಿ ಇದ್ದೂ ಮಾಡಿಸ್ಕೊಂಡೋರು ಇದ್ರಲ್ಲಿ ಜಾಸ್ತಿ. ನಿಮ್ಮಮ್ಮಂಗೆ ಅಷ್ಟು ಸವೆದಿದೆ, ನಿದ್ದೇನೂ ಕೆಟ್ಟಿದೆ, ನಾನಾದ್ರೆ ಮಾಡಿಸಿ ಅಂತೀನಿ. ಶುಗರ್ ಇದ್ರೆ ಮೊದಲು ಹಿಡಿತಕ್ಕೆ ತನ್ನಿ, ಹುಳುಕು ಹಲ್ಲು ಇದ್ರೆ ಅದನ್ನೂ ತೋರಿಸಿ.

ಪ್ರಶ್ನೆ: ನಂಗೆ ಆಪರೇಷನ್ ಆಗಿ ವರ್ಷ ಆಯ್ತು ಸಾರ್, ನಡೆಯುವಾಗ ಟಕ್ ಟಕ್ ಅನ್ನತ್ತೆ, ಗಾಯದ ಹೊರಗಡೆ ಚರ್ಮ ಜೋಮು ಹಿಡ್ದಂಗೆ.
- ಓದುಗರು, ದಾವಣಗೆರೆ

ಉತ್ತರ: ನೋವು, ಊತ ಇಲ್ಲ ಅಂದ್ರೆ ಚಿಂತೆ ಬೇಡ. ಶಬ್ದ ಲೋಹ ಪ್ಲಾಸ್ಟಿಕ್ಕಿಗೆ ತಾಗೋದು, ಜೋಮು ಚರ್ಮದ ಸಣ್ಣ ನರ ಕತ್ತರಿಸಿದ್ದಕ್ಕೆ, ಪೂರ್ತಿ ಹೋಗದೇನೂ ಇರಬಹುದು. ಆದ್ರೆ ಎಷ್ಟೇ ವರ್ಷ ಆಗಿರ್ಲಿ, ಮಂಡಿ ಇದ್ದಕ್ಕಿದ್ದಂಗೆ ಊದಿ ಕೆಂಪಾಗಿ ಜ್ವರ ಬಂದ್ರೆ ಮೆಡಿಕಲ್ ಸ್ಟೋರಲ್ಲಿ ಆ್ಯಂಟಿಬಯಾಟಿಕ್ ತಗೊಂಡು ನುಂಗ್ಬೇಡಿ, ಆಮೇಲೆ ಕೀಲಿನ ನೀರು ಟೆಸ್ಟ್ ಮಾಡಿದ್ರೂ ಯಾವ ಕ್ರಿಮಿ ಅಂತ ಸಿಗದೇ ಹೋಗಬಹುದು. ಸೀದಾ ಆಪರೇಷನ್ ಮಾಡಿದ ಡಾಕ್ಟ್ರ ಹತ್ರ ಹೋಗಿ, ಅವತ್ತೇ.