ಮಳಿ ಶುರುವಾದ್ರ ಹಗ್ಗ ಮುಟ್ಟಿ ಬರೂ ಅವ್ವ: ಹೊಳಿದಂಡಿ ಊರಿನ ಒಂದು ಆಪ್ತಸಲಹೆ ಪ್ರಕರಣ

(ಗುರ್ತು ಸಿಗೂ ವಿವರ ಎಲ್ಲಾ ಬದಲಿ ಮಾಡೇನಿ, ಅವರ ಒಪ್ಗಿ ತಗೊಂಡೇ ಬರಿಯಾಕತ್ತೇನಿ.)

ಗದಗ ಜಿಲ್ಲಾದ ಮಲಪ್ರಭಾ ದಂಡಿ ಊರಿನಾಕಿ, ವಯಸ್ಸು ನಲವತ್ತರ ಸುತ್ತ. ಧಾರವಾಡದಾಗ ಓದೂ ಮಗಳು ಕರ್ಕೊಂಡು ಬಂದಿದ್ಲು. ಮಳಿ ಜೋರಾತಂದ್ರ ಅವ್ವ ಮಲಗೂದೇ ಇಲ್ಲ, ರಾತ್ರಿ ಬ್ಯಾಟ್ರಿ ಹಿಡ್ಕೊಂಡು ಮ್ಯಾಲಿಂದ ಮ್ಯಾಲೆ ಎಮ್ಮಿ ಹಂತ್ಯಾಕ ಹೋಗಿ ಕಟ್ಟಿದ ಹಗ್ಗ ಮುಟ್ಟಿ ನೋಡಿ ಬರ್ತಾಳ, ಟೀವ್ಯಾಗ ಮಲಪ್ರಭಾಕ್ಕ ಕಟ್ಟಿದ ನವಿಲುತೀರ್ಥ ಡ್ಯಾಮಿನ ಸುದ್ದಿ ಬಂದ್ರ ಊಟ ಬಿಟ್ಟು ಏಳ್ತಾಳ ಅಂತ ಮಗಳು ಹೇಳಿದ್ಲು. ಅವ್ವ ಮಾತ್ರ "ನನಗೇನಾಗೇತ್ರಿ ಅಕ್ಕಾರ, ಈ ಹುಡುಗಿಗೆ ಸುಮ್ನ ಚಿಂತಿ" ಅಂತ ಸೆರಗಿನ ತುದಿ ಸುತ್ಕೋತ ಕುಂತಿದ್ಲು.

ಕತಿ ಹೊರಗ ಬರಾಕ ಟೈಮ್ ಹಿಡೀತು. 2019ರ ಆಗಸ್ಟ್ 5ಕ್ಕ ನಾಗರ ಪಂಚಮಿ, ಅದರ ಬೆನ್ನಿಗೇ ಹೊಳಿ ಬಂತು. ಡಬ್ಬ್ಯಾಗ ಶೇಂಗಾ ಉಂಡಿ, ಅಳ್ಳಿಟ್ಟು ಹಂಗ ಇದ್ವಂತ. ನೀರು ಓಣ್ಯಾಗ ಹೊಕ್ಕಾಗ ದೊಡ್ಡ ಎಮ್ಮಿ ಬಿಚ್ಚಿದ್ಲು, ಅದರ ಕರದ ಹಗ್ಗ ತೊಯ್ದು ಗಂಟು ಬಿಗದಿತ್ತು, ಉಗುರಿನ್ಲೆ ಕಿತ್ತಿದ್ರೂ ಬಿಚ್ಚಲಿಲ್ಲ, ಗಂಡ ರಟ್ಟಿ ಹಿಡ್ದು ಎಳ್ಕೊಂಡು ಹೋದ. ಕರ ಒದರಿದ್ದು ಕೇಳ್ಕೋತನ ಹೋಗ್ಯಾಳ. ಇದನ್ನ ಮನ್ಯಾಗ ಯಾರಿಗೂ ಹೇಳಿದ್ದಿಲ್ಲ, ಯಾಕಂದ್ರ ಬಾಯಿ ತಗದ್ರ ಸಾಕು "ಜೀವ ಉಳದಾವಲ್ಲ, ಪಾಸಿಟಿವ್ ಇರು" ಅನ್ನೋರೇ ಎಲ್ಲಾ. ನನಗ ಈ ಮಾತಿನ ಮ್ಯಾಲ ಸಿಟ್ಟೈತಿ. ಹೇಳೋರ ಮನಸ್ಸು ಹಗುರ ಆಗ್ತೈತಿ, ಕೇಳೋರ ಬಾಯಿ ಮುಚ್ತೈತಿ ಅಷ್ಟ.

ಇನ್ನೊಂದು ಇತ್ತು. ಗಂಜಿ ಕೇಂದ್ರದಾಗ ಎಲ್ಲಾರೂ ಒಂದ ಸಾಲಿನ್ಯಾಗ ಉಂಡೋರು, ಸುತ್ತಲಿನ ಊರಿಂದ ಕಟಕರೊಟ್ಟಿ, ಚಟ್ನಿಪುಡಿ, ಸೀರಿ, ಚಾದರ ತುಂಬ್ಕೊಂಡು ಗಾಡಿ ಬರ್ತಿದ್ವು. ಆಮ್ಯಾಲ ಮನಿ ಸರ್ವೇ ಆತು, ಪೂರ್ತಿ ಬಿದ್ದ ಮನಿ ಎ ಕೆಟಗರಿ, ಅದಕ್ಕ 5 ಲಕ್ಷ, ಸ್ವಲ್ಪ ಹಾಳಾದದ್ದು ಸಿ ಕೆಟಗರಿ, ಅದಕ್ಕ 50 ಸಾವಿರ. ಇವರದು ಸಿ, ಬಾಜೂ ಮನಿ ಎ. ನಡುವಿನ ಗ್ವಾಡಿ ಒಂದ, ಅದಕ್ಕೂ ಜಗಳ. ಅವತ್ತಿಂದ ಇಬ್ರೂ ಹೆಣ್ಮಕ್ಳು ಮಾತು ಬಿಟ್ಟಾರ. ನೆರಿ ಬಂದಾಗ ಊರು ಒಂದಾಗ್ತೈತಿ ಅಂತೀವಲ್ರಿ, ಪರಿಹಾರದ ಲಿಸ್ಟ್ ಗೋಡಿಗೆ ಹಚ್ಚಿದ ಮ್ಯಾಲ ಎಷ್ಟು ಊರು ಒಡದಾವು ಅನ್ನೂದನ್ನೂ ನೋಡ್ಬೇಕು.

ಸಲಹಾ ಏನು ಕೊಟ್ಟೆ ಅಂದ್ರ, ಮೊದಲ ಕರದ ವಿಷಯ ಪೂರ್ತಿ ಹೇಳಾಕ ಬಿಟ್ಟೆ, ಅಳಬ್ಯಾಡ ಅನ್ನಲಿಲ್ಲ, ಗಂಡನ್ನೂ ಒಮ್ಮೆ ಕರಸಿದೆ. ಅವನೂ ಅದನ್ನ ಮನಸ್ಸಿನ್ಯಾಗ ಇಟ್ಕೊಂಡ ಕುಂತಿದ್ದ, "ಅವತ್ತ ಎಳೀದಿದ್ರ ಈಕಿನೂ ಇರ್ತಿದ್ದಿಲ್ರಿ" ಅಂದು ತಲಿ ತಗ್ಗಿಸಿದ.

ಆಮ್ಯಾಲ ಮಳಿ ಬ್ಯಾರೆ, ಹೊಳಿ ಬ್ಯಾರೆ ಅನ್ನೂದನ್ನ ಕುಂತು ಮಾತಾಡಿದ್ವಿ. ಮಲಪ್ರಭಾ ಹುಟ್ಟೂದು ಖಾನಾಪುರ ತಾಲೂಕಿನ ಕಣಕುಂಬಿ ಕಡೆ. ಘಟ್ಟದ ಮ್ಯಾಲ ಮಳಿ ಹೊಡದ್ರ ಡ್ಯಾಮ್ ತುಂಬ್ತೈತಿ, ಗೇಟ್ ತಗದ್ರ ಇಲ್ಲಿ ಬಿಸಲಿದ್ರೂ ಹೊಳಿ ಬರಬಹುದು. ಮಲಪ್ರಭಾಕ್ಕ ಬಂದು ಕೂಡೂ ಬೆಣ್ಣಿಹಳ್ಳದ್ದು ಇನ್ನೊಂದು ಲೆಕ್ಕ, ಅದಕ್ಕ ಡ್ಯಾಮ್ ಇಲ್ಲ, ಧಾರವಾಡ ಜಿಲ್ಲಾದ ಮಳಿ ನೋಡ್ಬೇಕು. ಹಂಗಾಗಿ ತಗಡಿನ ಮ್ಯಾಲ ಸಪ್ಪಳ ಆದ ಕೂಡ್ಲೆ ಎದ್ದು ಕುಂದ್ರೂದರಾಗ ಅರ್ಥಿಲ್ಲ. ಮುಂಜಾನಿ ಒಮ್ಮೆ, ಸಂಜಿಕ ಒಮ್ಮೆ ಪಂಚಾಯ್ತಿಯೋರನ್ನ ಕೇಳೂದು, ಡಂಗುರ ಸಾರಿದ್ರ ಏಳೂದು, ಉಳಿದ ಟೈಮ್ ಟೀವಿ ಬಂದ್.

ಹಗ್ಗ ಮುಟ್ಟೂದನ್ನ ಒಮ್ಮೆಲೆ ಬಿಡು ಅಂದ್ರ ಬಿಡ್ತಿದ್ದಿಲ್ಲ ಆಕಿ. ಅದಕ್ಕ ಓಣಿ ಮುತ್ಯಾನ ಕಡಿಂದ ಒಂದ ಎಳತಕ್ಕ ಬಿಚ್ಚೂ ಗಂಟು ಕಲಿಯಾಕ ಹೇಳಿದೆ. ರಾತ್ರಿ ಮಲಗೂ ಮುಂದ ಗಂಡ-ಹೆಂಡ್ತಿ ಕೂಡಿ ಒಮ್ಮೆ ಎಳದು ನೋಡೂದು, ಆಮ್ಯಾಲ ಬಾಗಲಾ ಹಾಕೂದು. ಎದ್ದು ಹೋಗ್ಬೇಕು ಅನಿಸಿದ್ರ ಸ್ವಲ್ಪ ತಡಿಯೂದು, ಉಸಿರು ಸಾವಕಾಶ ಬಿಡೂದು, ಆ ತಳಮಳ ಏರಿ ತಾನ ಇಳೀತೈತಿ. ನಿದ್ದಿ ಭಾಳ ಕೆಟ್ಟಿತ್ತು ಅಂತ ಮನೋವೈದ್ಯರ ಕಡೆ ಕಳಸಿದೆ. ಇಂಥಾ ತ್ರಾಸಿಗೆ ಸರ್ಕಾರದ ಫೋನ್ ಸಹಾಯವಾಣಿ ಟೆಲಿ-ಮಾನಸ್ 14416 ಐತಿ, ರೊಕ್ಕ ಇಲ್ಲ, ಹಗಲು ರಾತ್ರಿ ಕನ್ನಡದಾಗ ಮಾತಾಡ್ಬಹುದು.

ಕಡೀದು ಊರಿನ ಸಂಘದ ಹೆಣ್ಮಕ್ಳ ಕೆಲಸ. ಯಾರ ಮನ್ಯಾಗ ಮುದುಕ್ರದಾರ, ಬಾಣಂತಿ ಐತಿ, ನೀರು ಬಂದ್ರ ಯಾರ ದನ ಯಾರು ಬಿಚ್ಬೇಕು, ಆಧಾರ್, ಪಾಸ್‌ಬುಕ್, ಉತಾರ ಪ್ಲಾಸ್ಟಿಕ್ ಚೀಲದಾಗ ಹಾಕಿ ಎಲ್ಲಿಡ್ಬೇಕು, ಇಷ್ಟ ಬರ್ಕೊಳ್ರಿ ಅಂದೆ. ಈ ಅವ್ವನೇ ಮುಂದ ನಿಂತು ಬರಸ್ಯಾಳ. ಬಾಜೂ ಮನಿ ದನ ಬಿಚ್ಚೂದು ಇವರ ಪಾಲಿಗೆ, ಇವರದು ಅವರ ಪಾಲಿಗೆ ಬಂದೈತಿ, ಹತ್ರದ ಮನಿ ಅದ ಅಲ್ರಿ.

ಈ ಸಲದ ಮಳ್ಯಾಗೂ ಎಚ್ಚರ ಆಗ್ತೈತಂತ, ಆದ್ರ ಹೊಳ್ಳಿ ಮಲಗ್ತಾಳ. ಬಾಜೂ ಮನಿಯಾಕಿ ಮೀಟಿಂಗಿಗೆ ಬರ್ತಾಳ, ದೂರ ಕುಂದರ್ತಾಳ, ದನದ ವಿಷಯ ಅಷ್ಟ ಮಾತಾಡ್ತಾರ. ಗ್ವಾಡಿ ಜಗಳ ಇನ್ನೂ ಹಂಗ ಐತಿ, ಅದನ್ನ ಹಿರ್ಯಾರ ಮುಂದ ಇಡ್ರಿ ಅಂತ ಹೇಳೇನಿ.